ನಡುವಿನೋನು ನಂಬರ್ ಒನ್ ಆದ ವರ್ಷ

ನಾನು ಕಂಪ್ಯೂಟರ್‌ನಲ್ಲಿ ಆಡುವ ಟೆನಿಸ್ ಆಟದಲ್ಲಿ ಒಂದು ಕಾಲಕ್ಕೆ ವಿಶ್ವದ ಮೊದಲ ಹತ್ತು ಆಟಗಾರರಲ್ಲಿ ಏಳು ಮಂದಿ ಮೂವತ್ತು ದಾಟಿದವರಿದ್ದರು. ಎರಡು ಸೀಸನ್ ಮುಗಿಯುವಷ್ಟರಲ್ಲಿ ಆ ಏಳರಲ್ಲಿ ಉಳಿದವನು ಒಬ್ಬನೇ. ತಲೆಮಾರು ಬದಲಾಗುವುದನ್ನು ಟಿವಿಯಲ್ಲಿ ನೋಡುವುದು ಬೇರೆ. ಅದರ ಒಳಗೇ ಕೂತು, ಮೂರು ವಯಸ್ಸಿನ ಮೂವರು ಆಟಗಾರರ ಜವಾಬ್ದಾರಿ ಹೊತ್ತು, ವಾರ ವಾರ ತೀರ್ಮಾನ ಮಾಡುವುದು ಬೇರೆ. ಆ ಎರಡು ಸೀಸನ್ ನನಗೆ ಟೆನಿಸ್ ಬಗ್ಗೆ ಕಲಿಸಿದಷ್ಟನ್ನು ಅದಕ್ಕೂ ಹಿಂದಿನ ವರ್ಷಗಳೆಲ್ಲಾ ಸೇರಿ ಕಲಿಸಿರಲಿಲ್ಲ.

ಇದು ಟೆನಿಸ್ ಮ್ಯಾನೇಜರ್ ಆಟ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲಿ ರಾಕೆಟ್ ಬೀಸುವವರು ನಾವಲ್ಲ. ಆಟಗಾರರನ್ನು ಆರಿಸುವುದು, ಕೋಚ್ ಇಡುವುದು, ಯಾವ ವಾರ ಯಾವ ಟೂರ್ನಿಗೆ ಕಳಿಸಬೇಕು, ಯಾವ ವಾರ ಸುಮ್ನೆ ಮನೆಯಲ್ಲಿ ಕೂರಿಸಬೇಕು ಅಂತ ನಿರ್ಧರಿಸುವುದು ನಮ್ಮ ಕೆಲಸ. ಪಂದ್ಯವನ್ನು ಕಂಪ್ಯೂಟರ್ ಆಡಿಸುತ್ತದೆ. ಆಟಗಾರರ ಹೆಸರು, ಮುಖ, ದೇಶ ಎಲ್ಲವೂ ಕಂಪ್ಯೂಟರ್ ಹುಟ್ಟಿಸಿದ್ದು. ಪ್ರತಿಯೊಬ್ಬನಿಗೂ ಸರ್ವ್, ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್, ವೇಗ, ದಮ್ಮು, ಮನಸ್ಸಿನ ಗಟ್ಟಿತನ ಹೀಗೆ ಬೇರೆ ಬೇರೆ ಅಂಕಿಗಳಿರುತ್ತವೆ. ವಯಸ್ಸಾದಂತೆ ಅವು ಏರುತ್ತವೆ, ನಿಲ್ಲುತ್ತವೆ, ಇಳಿಯುತ್ತವೆ. ಆದರೆ ಎಲ್ಲವೂ ಒಟ್ಟಿಗೆ ಇಳಿಯುವುದಿಲ್ಲ. ಮೊದಲು ಹೋಗುವುದು ವೇಗ. ಆಮೇಲೆ ದಮ್ಮು. ಕೈಯ ಕಸುಬು ತುಂಬಾ ದಿನ ನಿಲ್ಲುತ್ತದೆ. ಮನಸ್ಸಿನ ಗಟ್ಟಿತನವಂತೂ ಮೂವತ್ತು ದಾಟಿದ ಮೇಲೂ ಏರುತ್ತಲೇ ಇರುತ್ತದೆ.

ನಾನು ದಾವಣಗೆರೆಯವನು. ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದು ಇಂಜಿನಿಯರಿಂಗ್ ಓದುತ್ತಾನೆ. ಆಟಕ್ಕೆ ಅವನೂ ಜೊತೆ. ಪ್ರತಿ ವಾರದ ಫಲಿತಾಂಶ, ಪಾಯಿಂಟ್ಸ್, ವಯಸ್ಸು ಎಲ್ಲವನ್ನೂ ಅವನು ಎಕ್ಸೆಲ್ ಹಾಳೆಯಲ್ಲಿ ತುಂಬಿಡುತ್ತಾನೆ. ಅವನು ಹಾಳೆ ನೋಡಿ ಮಾತಾಡುತ್ತಾನೆ. ನಾನು ಪಂದ್ಯ ನೋಡಿ ಮಾತಾಡುತ್ತೇನೆ. ಹಾಗಾಗಿ ನಮ್ಮಿಬ್ಬರಿಗೆ ವಾದ ಜಾಸ್ತಿ.

ಆಗ ನನ್ನ ಕೈಯಲ್ಲಿದ್ದವರು ಮೂವರು. ಕಂಪ್ಯೂಟರ್ ಕೊಟ್ಟ ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ನಾವು ದೊಡ್ಡೋನು, ನಡುವಿನೋನು, ಚಿಕ್ಕೋನು ಅಂತಲೇ ಕರೆಯುತ್ತಿದ್ದೆವು. ದೊಡ್ಡೋನು ಅರ್ಜೆಂಟೀನಾದವನು, ಮಣ್ಣಿನ ಅಂಕಣದ ಹುಲಿ. ಕಥೆ ಶುರುವಾಗುವಾಗ ಅವನಿಗೆ 32 ವರ್ಷ, ವಿಶ್ವದ ನಂಬರ್ ಒನ್. ನಡುವಿನೋನು ಜೆಕ್ ದೇಶದವನು, 26 ವರ್ಷ. ದೊಡ್ಡ ಸರ್ವ್, ಒಳಾಂಗಣದಲ್ಲಿ ಯಾರನ್ನಾದರೂ ಹೊಡೆಯಬಲ್ಲ. ತುಂಬಾ ಕಾಲದಿಂದ ನಾಲ್ಕು, ಐದು, ಆರನೇ ಸ್ಥಾನದಲ್ಲೇ ಓಡಾಡುತ್ತಿದ್ದ. ಚಿಕ್ಕೋನು ನಮ್ಮ ದೇಶದ ಹುಡುಗ. 18 ವರ್ಷ. ಭಾರತದಿಂದ ಅಷ್ಟು ದೊಡ್ಡ ಪ್ರತಿಭೆಯನ್ನು ಆಟ ಕೊಡುವುದು ಬಲು ಅಪರೂಪ. ಅವನ ಹೆಸರು ಜೂನಿಯರ್ ಪಟ್ಟಿಯಲ್ಲಿ ಕಂಡ ದಿನ ನಾವಿಬ್ಬರೂ ಕುಣಿದಾಡಿದ್ದೆವು.

ಇಳಿಗಾಲ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ರ‍್ಯಾಂಕಿಂಗ್ ಹೇಳುವುದಿಲ್ಲ. ಇದು ನಾನು ಕಲಿತ ಮೊದಲ ವಿಷಯ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ನಿಜವಾದ ಎಟಿಪಿಯಲ್ಲಿ ಇರುವಂತೆ ಈ ಆಟದಲ್ಲೂ ಪಾಯಿಂಟ್ಸ್ 52 ವಾರ ಇರುತ್ತವೆ. ಗ್ರ್ಯಾಂಡ್ ಸ್ಲಾಂ, ಅಂದರೆ ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ ಒಂದನ್ನು ಗೆದ್ದರೆ 2000, ಫೈನಲ್‌ನಲ್ಲಿ ಸೋತರೆ 1300, ಸೆಮಿಫೈನಲ್‌ಗೆ 800, ಕ್ವಾರ್ಟರ್ ಫೈನಲ್‌ಗೆ 400. ಜೂನ್‌ನಲ್ಲಿ ಪ್ಯಾರಿಸ್ (ಫ್ರೆಂಚ್ ಓಪನ್) ಗೆದ್ದವನ ಖಾತೆಯಲ್ಲಿ ಆ 2000 ಪಾಯಿಂಟ್ ಮುಂದಿನ ಪ್ಯಾರಿಸ್‌ವರೆಗೂ ಹಾಗೇ ಕೂತಿರುತ್ತದೆ. ಈ ನಡುವೆ ಅವನ ಕಾಲು ಎಷ್ಟು ನಿಧಾನ ಆದರೂ ಪಟ್ಟಿಯಲ್ಲಿ ಅವನೇ ಮೇಲೆ. ಅಂದರೆ ರ‍್ಯಾಂಕಿಂಗ್ ತೋರಿಸುವುದು ಕಳೆದ ವರ್ಷದ ಆಟಗಾರನನ್ನು.

ಹಾಗಾದರೆ ಎಲ್ಲಿ ನೋಡಬೇಕು? ಇದಕ್ಕೆ ಉತ್ತರ ಕೊಟ್ಟವರು ನಮ್ಮಪ್ಪ. ಅವರಿಗೆ ಟೆನಿಸ್ ಗೊತ್ತಿಲ್ಲ. ಆದರೆ ಪ್ರಾಯದಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದವರು. ದುಗ್ಗಮ್ಮನ ಜಾತ್ರೆಯ ಕುಸ್ತಿ ಅಂದರೆ ಈಗಲೂ ಮೈಯೆಲ್ಲಾ ಕಣ್ಣು. ನಾನೂ ಅಳಿಯನೂ ವಾದ ಮಾಡುವುದನ್ನು ಕೇಳಿಸಿಕೊಂಡು ಒಂದು ದಿನ ಹೇಳಿದರು: "ಪೈಲ್ವಾನನಿಗೆ ವಯಸ್ಸಾಗಿದ್ದು ಕಣದಾಗೆ ಗೊತ್ತಾಗಲ್ಲಪ್ಪ. ದಿನಾ ಜೊತೆಗೆ ಸಾಮು ಮಾಡ್ತಾನಲ್ಲ, ಅವನಿಗೆ ಮೊದ್ಲು ಗೊತ್ತಾಗ್ತದೆ. ಜಾತ್ರೆಗೆ ಬಂದ ಮಂದಿಗೆ ಎರಡು ವರ್ಷ ತಡ ಆಗಿ ಗೊತ್ತಾಗ್ತದೆ."

ಅವತ್ತೇ ಹೋಗಿ ಅಭ್ಯಾಸ ಪಂದ್ಯಗಳ ವರದಿ ತೆರೆದೆ. ಆಟದಲ್ಲಿ ಒಂದೇ ತಂಡದ ಆಟಗಾರರು ತಮ್ಮ ತಮ್ಮಲ್ಲೇ ಅಭ್ಯಾಸ ಮಾಡುವ ವ್ಯವಸ್ಥೆ ಇದೆ. ಆ ವರದಿಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ದೊಡ್ಡೋನು ಆಗಲೂ ಚಿಕ್ಕೋನನ್ನು ಸೋಲಿಸುತ್ತಿದ್ದ. ಆದರೆ ಉದ್ದದ ರ‍್ಯಾಲಿಗಳನ್ನು, ಅಂದರೆ ಚೆಂಡು ತುಂಬಾ ಸಲ ಆಚೀಚೆ ಹೋಗುವ ಪಾಯಿಂಟ್‌ಗಳನ್ನು ಬಿಡಿಸಿ ನೋಡಿದರೆ ಚಿತ್ರವೇ ಬೇರೆ. ಒಂಬತ್ತು ಹೊಡೆತ ದಾಟಿದ ರ‍್ಯಾಲಿಗಳಲ್ಲಿ ಹುಡುಗನೇ ಜಾಸ್ತಿ ಗೆಲ್ಲುತ್ತಿದ್ದ. ಮಣ್ಣಿನ ಅಂಕಣದಲ್ಲಿ ದೊಡ್ಡೋನ ಬದುಕೇ ಉದ್ದದ ರ‍್ಯಾಲಿ. ಅದೇ ಕೈಬಿಟ್ಟಿತ್ತು. ಅವನು ಗೆಲ್ಲುತ್ತಿದ್ದದ್ದು ಸರ್ವ್ ಜಾಗ ಬದಲಿಸಿ, ಡ್ರಾಪ್ ಶಾಟ್ ಹಾಕಿ, ಟೈಬ್ರೇಕ್‌ನಲ್ಲಿ ತಲೆ ಗಟ್ಟಿ ಇಟ್ಟು. ಕಾಲು ಕಳೆದುಕೊಂಡಿದ್ದನ್ನು ತಲೆ ತುಂಬಿಕೊಡುತ್ತಿತ್ತು.

ಇದನ್ನು ನೋಡಿದ ಮೇಲೆ ದೊಡ್ಡೋನ ಕ್ಯಾಲೆಂಡರ್ ಅರ್ಧಕ್ಕರ್ಧ ಕತ್ತರಿಸಿದೆ. ಇದಕ್ಕೆ ದಾರಿ ತೋರಿಸಿದ್ದು ನಿಜದ ಟೆನಿಸ್‌ನ ರೋಜರ್ ಫೆಡರರ್. 2016ರಲ್ಲಿ ಮಂಡಿ ಶಸ್ತ್ರಚಿಕಿತ್ಸೆ ಆಗಿ ಅರ್ಧ ವರ್ಷ ಹೊರಗಿದ್ದವರು 2017ರ ಜನವರಿಯಲ್ಲಿ 35ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಆ ವರ್ಷ ಮಣ್ಣಿನ ಅಂಕಣದ ಸೀಸನ್ ಪೂರ್ತಿ ಬಿಟ್ಟುಬಿಟ್ಟರು. ಜುಲೈನಲ್ಲಿ ಒಂದು ಸೆಟ್ಟೂ ಕಳೆದುಕೊಳ್ಳದೆ ವಿಂಬಲ್ಡನ್ ಗೆದ್ದರು. 2018ರ ಫೆಬ್ರುವರಿಯಲ್ಲಿ 36ನೇ ವಯಸ್ಸಿನಲ್ಲಿ ಮತ್ತೆ ನಂಬರ್ ಒನ್ ಆದರು. ನಾನು ಮಾಡಿದ್ದು ಅದರ ತಿರುವುಮುರುವು. ದೊಡ್ಡೋನಿಗೆ ಹುಲ್ಲಿನ ಅಂಕಣ ಬೇಡ, ಅಮೆರಿಕದ ಬೇಸಿಗೆ ಬೇಡ, ಬರೀ ಮಣ್ಣು. ಮಾಂಟೆಕಾರ್ಲೊ, ರೋಮ್, ಪ್ಯಾರಿಸ್. ಅಷ್ಟಕ್ಕೇ ಮೈ ಉಳಿಸಿಕೊಳ್ಳಲಿ. ಅದು ಫಲ ಕೊಟ್ಟಿತು. 32ರಲ್ಲಿ ಪ್ಯಾರಿಸ್ ಮತ್ತೊಮ್ಮೆ ಗೆದ್ದ. ಫೈನಲ್‌ನಲ್ಲಿ ಎದುರಿಗಿದ್ದವನು ನಡುವಿನೋನು.

ನನ್ನ ಮನಸ್ಸು ಕಟ್ಟಿಹಾಕಿದ್ದು ಈ ನಡುವಿನೋನೇ. ಅವನ ಅಂಕಿಗಳಲ್ಲಿ ಏನೂ ಕೊರತೆ ಇರಲಿಲ್ಲ. ಅವನು ಹುಟ್ಟಿದ ವರ್ಷವೇ ಅವನಿಗೆ ಅಡ್ಡ ಬಂದಿತ್ತು. ಅವನಿಗಿಂತ ಆರೇಳು ವರ್ಷ ದೊಡ್ಡವರಲ್ಲಿ ಮೂವರು ನಾಲ್ವರು ಮಹಾ ಆಟಗಾರರು ಒಟ್ಟಿಗೆ ಹುಟ್ಟಿದ್ದರು. ಅವನು 22ರಲ್ಲಿ ಏರುತ್ತಿದ್ದಾಗ ಅವರು 29ರಲ್ಲಿ ಶಿಖರದಲ್ಲಿದ್ದರು. ಅವನು 26ಕ್ಕೆ ಬಂದಾಗಲೂ ಅವರು ಇನ್ನೂ ಕೆಳಗಿಳಿದಿರಲಿಲ್ಲ.

ಒಂದು ಗುಂಪು ಮೇಲೆ ಕೂತರೆ ಅಷ್ಟು ಸುಲಭವಾಗಿ ಏಕೆ ಇಳಿಯುವುದಿಲ್ಲ ಅನ್ನುವುದು ಮ್ಯಾನೇಜರ್ ಕುರ್ಚಿಯಲ್ಲಿ ಕೂತರೆ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನವರಿಗೆ ಬಹುಮಾನದ ಹಣ ಜಾಸ್ತಿ. ಹಣದಿಂದ ಒಳ್ಳೆಯ ಕೋಚ್, ಒಳ್ಳೆಯ ಫಿಸಿಯೊ ಬರುತ್ತಾರೆ. ಗಾಯ ಬೇಗ ವಾಸಿಯಾಗುತ್ತದೆ. ಗ್ರ್ಯಾಂಡ್ ಸ್ಲಾಂಗಳಲ್ಲಿ 32 ಮಂದಿಗೆ ಸೀಡಿಂಗ್ ಇದೆ, ಅಂದರೆ ಬಲವಾದವರು ಶುರುವಿನಲ್ಲೇ ಒಬ್ಬರಿಗೊಬ್ಬರು ಎದುರಾಗದಂತೆ ಪಟ್ಟಿಯಲ್ಲಿ ದೂರ ದೂರ ಇಡುತ್ತಾರೆ. ಇದು 2001ರ ವಿಂಬಲ್ಡನ್‌ನಿಂದ ಬಂದ ಪದ್ಧತಿ. ಅದಕ್ಕೂ ಮೊದಲು ಸೀಡಿಂಗ್ ಇದ್ದದ್ದು 16 ಮಂದಿಗೆ ಮಾತ್ರ. 32 ಆದ ಮೇಲೆ ಮೊದಲ ಎರಡು ಸುತ್ತಿನಲ್ಲಿ ದೊಡ್ಡವರಿಗೆ ಇನ್ನೊಬ್ಬ ಬಲವಾದ ಸೀಡ್ ಆಟಗಾರ ಎದುರಾಗುವುದಿಲ್ಲ. ಅವರು ಸುಸ್ತಾಗದೆ ಎರಡನೇ ವಾರಕ್ಕೆ ಬರುತ್ತಾರೆ. ಸೆಮಿಫೈನಲ್, ಫೈನಲ್ ಆಡಿ ಆಡಿ ಅವರ ಮನಸ್ಸಿನ ಅಂಕಿ ಏರುತ್ತದೆ. ಕೆಳಗಿನವನಿಗೆ ಆ ಪಂದ್ಯಗಳೇ ಸಿಗುವುದಿಲ್ಲ. ಸಿಗದೆ ಇದ್ದರೆ ಅವನ ಮನಸ್ಸು ಗಟ್ಟಿಯಾಗುವುದು ಹೇಗೆ?

ನಿಜದ ಟೆನಿಸ್‌ನಲ್ಲೂ ಇದೇ ಆಯಿತಲ್ವಾ? 1990ರ ದಶಕದಲ್ಲಿ ಹುಟ್ಟಿದ ಪುರುಷ ಆಟಗಾರರನ್ನು ನೋಡಿ. 2025 ಮುಗಿಯುವವರೆಗೆ ಅವರಲ್ಲಿ ಸಿಂಗಲ್ಸ್ ಗ್ರ್ಯಾಂಡ್ ಸ್ಲಾಂ ಗೆದ್ದವರು ಇಬ್ಬರೇ. 2020ರ ಯುಎಸ್ ಓಪನ್ ಗೆದ್ದ ಡೊಮಿನಿಕ್ ಥೀಮ್, 2021ರ ಯುಎಸ್ ಓಪನ್ ಗೆದ್ದ ಡೇನಿಲ್ ಮೆಡ್ವೆಡೆವ್. ಒಂದು ಇಡೀ ದಶಕದ ಹುಡುಗರಿಗೆ ಎರಡು ಕಪ್! ಅಲೆಕ್ಸಾಂಡರ್ ಜ್ವೆರೆವ್ ಟೋಕಿಯೊದಲ್ಲಿ ಒಲಿಂಪಿಕ್ ಚಿನ್ನ ಗೆದ್ದವರು. ಆದರೂ 2025 ಮುಗಿಯುವ ಹೊತ್ತಿಗೆ ಮೂರು ಗ್ರ್ಯಾಂಡ್ ಸ್ಲಾಂ ಫೈನಲ್ ಆಡಿ ಮೂರರಲ್ಲೂ ಸೋತಿದ್ದರು. ಇವರೆಲ್ಲಾ ಫೆಡರರ್, ನಡಾಲ್, ಜೊಕೊವಿಚ್ ಮುಗಿಯಲಿ ಅಂತ ಕಾದರು. ಅವರು ಮುಗಿಯುವ ಹೊತ್ತಿಗೆ 2003ರಲ್ಲಿ ಹುಟ್ಟಿದ ಕಾರ್ಲೋಸ್ ಅಲ್ಕರಾಜ್, 2001ರಲ್ಲಿ ಹುಟ್ಟಿದ ಯಾನಿಕ್ ಸಿನ್ನರ್ ಬಂದು ನಿಂತಿದ್ದರು. ಅಲ್ಕರಾಜ್ 2022ರಲ್ಲಿ ನಂಬರ್ ಒನ್ ಆದಾಗ ಅವರಿಗೆ ಇನ್ನೂ 19. 2024ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಂಗಳನ್ನು ಇವರಿಬ್ಬರೇ ಎರಡೆರಡು ಹಂಚಿಕೊಂಡರು. ಫೆಡರರ್, ನಡಾಲ್, ಜೊಕೊವಿಚ್ ಮೂವರಲ್ಲಿ ಒಬ್ಬರೂ ಗೆಲ್ಲದ ವರ್ಷ ಅದಕ್ಕೂ ಹಿಂದೆ ಇದ್ದದ್ದು 2002ರಲ್ಲಿ. ನಡುವಿನವರ ತಲೆ ಮೇಲಿಂದಲೇ ಕಿರೀಟ ದಾಟಿ ಹೋಯಿತು.

ಹಳೇ ಕಾಲದಲ್ಲಿ ಹೀಗಿರಲಿಲ್ಲ. ಬೋರಿಸ್ ಬೆಕರ್ 1985ರಲ್ಲಿ 17ನೇ ವಯಸ್ಸಿಗೆ ವಿಂಬಲ್ಡನ್ ಗೆದ್ದರು. ಸ್ವೀಡನ್‌ನ ಬ್ಯೋರ್ನ್ ಬೋರ್ಗ್ 26ಕ್ಕೇ ಆಟ ಬಿಟ್ಟರು. ತಲೆಮಾರುಗಳು ಬೇಗ ಬೇಗ ಬರುತ್ತಿದ್ದವು, ಬೇಗ ಬೇಗ ಹೋಗುತ್ತಿದ್ದವು. ಈಗ ಹಿರಿಯರ ಆಯಸ್ಸು ಉದ್ದವಾಗಿದೆ. ಅದು ಒಳ್ಳೆಯದೇ. ಆದರೆ ಅದರ ಬೆಲೆ ತೆರುವವರು ನಡುವಿನವರು. ಈ ಮಾತನ್ನು ನಾನು ಎಲ್ಲರ ಹತ್ತಿರವೂ ಹೇಳುತ್ತೇನೆ. ಯಾರೂ ಅವರ ಬಗ್ಗೆ ಬರೆಯುವುದಿಲ್ಲ ಅನ್ನುವ ಬೇಸರ ನನಗಿದೆ.

ಅಳಿಯ ಬೇರೆಯೇ ಹೇಳುತ್ತಿದ್ದ. "ಮಾಮ, ಹಾಳೆ ನೋಡಿ. ನಡುವಿನೋನಿಗೆ 27 ತುಂಬುತ್ತೆ. ತರಬೇತಿಯಲ್ಲಿ ಇನ್ನೇನೂ ಏರಲ್ಲ. ದೊಡ್ಡ ಕೋಚ್‌ನ ಟೈಮೆಲ್ಲಾ ಚಿಕ್ಕೋನಿಗೆ ಕೊಡಿ. ನಡುವಿನೋನ ಕಾಂಟ್ರಾಕ್ಟ್ ಬಿಟ್ಟುಬಿಡಿ." ಲೆಕ್ಕದ ಮಟ್ಟಿಗೆ ಅವನ ಮಾತು ಸರಿ. ಆಟದಲ್ಲಿ ಒಂದು ಗಂಟೆ ತರಬೇತಿ 18ರ ಹುಡುಗನಿಗೆ ಕೊಡುವ ಲಾಭ 27ರವನಿಗೆ ಕೊಡುವುದಿಲ್ಲ. ಆದರೆ ನಾನು ಒಪ್ಪಲಿಲ್ಲ. ದೊಡ್ಡವರು ಇಳಿಯುತ್ತಿದ್ದಾರೆ ಅಂತ ಅಭ್ಯಾಸದ ವರದಿ ಹೇಳುತ್ತಿತ್ತು. ಚಿಕ್ಕವರು ಪೂರ್ತಿ ಏರಲು ಇನ್ನೂ ಎರಡು ವರ್ಷ ಬೇಕು. ಅಂದರೆ ನಡುವೆ ಒಂದು ಖಾಲಿ ಜಾಗ ಬರುತ್ತದೆ. ಚಿಕ್ಕದು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ.

ಇಂಥ ಖಾಲಿ ಜಾಗ ನಿಜದಲ್ಲೂ ಬಂದಿತ್ತು. 2001ರ ವಿಂಬಲ್ಡನ್‌ನ ನಾಲ್ಕನೇ ಸುತ್ತಿನಲ್ಲಿ 19 ವರ್ಷದ ಫೆಡರರ್ ಪೀಟ್ ಸಾಂಪ್ರಾಸ್ ಅವರನ್ನು ಐದು ಸೆಟ್‌ಗಳಲ್ಲಿ ಸೋಲಿಸಿದರು. ತಲೆಮಾರು ಬದಲಾದ ಪಂದ್ಯ ಅಂತ ಅದನ್ನು ಹೇಳುತ್ತಾರೆ. ಆದರೆ ಫೆಡರರ್ ಮುಂದಿನ ಸುತ್ತಿನಲ್ಲೇ ಸೋತರು. ಮರುವರ್ಷ ವಿಂಬಲ್ಡನ್ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಅವರು ಮೊದಲ ಗ್ರ್ಯಾಂಡ್ ಸ್ಲಾಂ ಗೆದ್ದದ್ದು 2003ರಲ್ಲಿ. ಆ ನಡುವೆ ಲೇಟನ್ ಹೆವಿಟ್ ನಂಬರ್ ಒನ್ ಆಗಿ, ಯುಎಸ್ ಓಪನ್, ವಿಂಬಲ್ಡನ್ ಎರಡನ್ನೂ ಗೆದ್ದುಬಿಟ್ಟರು. ಹಳಬರು ಹೋಗಿ ಹೊಸಬರು ಪೂರ್ತಿ ಬರುವವರೆಗೆ ಸಿಗುವ ಸಮಯ ಅದು. ನಡುವಿನೋನಿಗೆ ಆ ಸಮಯ ಕೈತಪ್ಪಬಾರದು ಅನ್ನುವುದೇ ನನ್ನ ಹಠವಾಯಿತು.

ಹಾಗಾಗಿ ಕೋಚ್‌ಗಳನ್ನು ಹಂಚಿದೆ. ಚಿಕ್ಕೋನಿಗೆ ವೇಗ, ದಮ್ಮು ಬೆಳೆಸುವ ತರಬೇತಿ. ಅವನ ದಾರಿ ಕೆಳಗಿನಿಂದ ಶುರು. 15,000 ಡಾಲರ್ ಬಹುಮಾನದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಟೂರ್ನಿಗಳು, ಆಮೇಲೆ ಅದರ ಮೇಲಿನ ಮೆಟ್ಟಿಲಾದ ಚಾಲೆಂಜರ್. ನಮ್ಮ ದಾವಣಗೆರೆಯಲ್ಲೂ ಹಿಂದೆ ಐಟಿಎಫ್ ಫ್ಯೂಚರ್ಸ್ ಟೂರ್ನಿ ನಡೆದಿದೆ. ಆಗ ಬಿಸಿಲಲ್ಲಿ ನಿಂತು ನೋಡಿದ್ದೆ. ಬೇರೆ ಬೇರೆ ದೇಶದ ಹುಡುಗರು ತಮ್ಮ ಬ್ಯಾಗ್ ತಾವೇ ಹೊತ್ತುಕೊಂಡು ಬರುತ್ತಿದ್ದರು. ಆ ಮಟ್ಟದಿಂದ ಮೇಲೆ ಹತ್ತುವುದು ಎಷ್ಟು ಕಷ್ಟ ಅನ್ನುವುದು ಪರದೆ ಮೇಲೆ ಬರೀ ಅಂಕಿ ನೋಡುವವರಿಗೆ ತಟ್ಟುವುದಿಲ್ಲ. ಚಿಕ್ಕೋನು ಮಾತ್ರ ಆ ಮೆಟ್ಟಿಲುಗಳನ್ನು ಎರಡೆರಡು ಒಟ್ಟಿಗೆ ಹತ್ತಿದ. ವರ್ಷ ಮುಗಿಯುವಾಗ ಮೊದಲ ಮೂವತ್ತರಲ್ಲಿದ್ದ.

ನಡುವಿನೋನಿಗೆ ಮನಸ್ಸಿನ ಗಟ್ಟಿತನದ ಕೋಚ್ ಇಟ್ಟೆ. ಜೊತೆಗೆ ದೊಡ್ಡೋನು ಇರುವ ಟೂರ್ನಿಗಳಿಂದ ಅವನನ್ನು ಆದಷ್ಟು ದೂರ ಇಟ್ಟೆ. ಒಬ್ಬನ ವಿರುದ್ಧವೇ ಮೇಲಿಂದ ಮೇಲೆ ಸೋತರೆ ಆ ಎದುರಾಳಿ ಎದುರು ಆತ್ಮವಿಶ್ವಾಸ ಕುಸಿಯುವ ಹಾಗೆ ಈ ಆಟ ಮಾಡಲಾಗಿದೆ. ಗ್ರ್ಯಾಂಡ್ ಸ್ಲಾಂ, ಅದಕ್ಕಿಂತ ಒಂದು ಹಂತ ಕೆಳಗಿನ ಮಾಸ್ಟರ್ಸ್ ಟೂರ್ನಿಗಳಲ್ಲಿ ಎದುರಾಗುವುದು ತಪ್ಪುವುದಿಲ್ಲ. ಉಳಿದ ಕಡೆ ಯಾಕೆ ಎದುರಾಗಬೇಕು?

ಎರಡನೇ ಸೀಸನ್ ಬಂತು. ಆಸ್ಟ್ರೇಲಿಯನ್ ಓಪನ್ ನಡೆಯುವ ಮೆಲ್ಬರ್ನ್‌ನಲ್ಲೇ ಗೊತ್ತಾಯಿತು. ಮೂವತ್ತು ದಾಟಿದ ಏಳು ಮಂದಿಯಲ್ಲಿ ನಾಲ್ವರು ಮೂರನೇ ಸುತ್ತಿಗೆ ಮೊದಲೇ ಮನೆಗೆ ಹೋದರು. ಒಬ್ಬನಿಗೆ ಸೊಂಟ ನೋವು. ಒಬ್ಬ ಐದನೇ ಸೆಟ್‌ನಲ್ಲಿ ನಿಂತಲ್ಲೇ ನಿಂತುಬಿಟ್ಟ. ಇಳಿಯುವಾಗ ಒಬ್ಬೊಬ್ಬರಾಗಿ ಇಳಿಯುತ್ತಾರೆ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಅದಕ್ಕೂ ಕಾರಣ ಇದೆ. ಅವರೆಲ್ಲಾ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಒಬ್ಬರ ವಿರುದ್ಧ ಒಬ್ಬರು ಆಡಿದಷ್ಟು ದಿನ ಎಲ್ಲರೂ ಒಟ್ಟಿಗೆ ನಿಧಾನ ಆಗಿದ್ದು ಕಾಣಲಿಲ್ಲ. ಮೊದಲ ಸುತ್ತುಗಳಲ್ಲಿ ಎದುರಿಗೆ ಇಪ್ಪತ್ತರ ಹುಡುಗರು ಗುಂಪಾಗಿ ಬಂದಾಗಲೇ ಕಂಡಿದ್ದು.

ಜೂನ್‌ನಲ್ಲಿ ದೊಡ್ಡೋನು ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಸೋತ. 2000 ಹೋಯಿತು, 400 ಬಂತು. ಒಂದೇ ಸೋಮವಾರ 1600 ಪಾಯಿಂಟ್ ಕಡಿಮೆ. ನಂಬರ್ ಒನ್‌ನಿಂದ ಐದಕ್ಕೆ ಬಿದ್ದ. ಅವತ್ತು ಆಟವನ್ನು ಮುಂದಕ್ಕೆ ಒತ್ತಲು ನನಗೆ ಮನಸ್ಸೇ ಬರಲಿಲ್ಲ. ಅವನ ಹಳೇ ಫೈನಲ್‌ಗಳ ಪಟ್ಟಿಯನ್ನೆಲ್ಲಾ ಒಮ್ಮೆ ತೆರೆದು ನೋಡಿ, ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಆ ಸೀಸನ್‌ನ ನಾಲ್ಕು ಗ್ರ್ಯಾಂಡ್ ಸ್ಲಾಂಗಳನ್ನು ನಾಲ್ಕು ಬೇರೆ ಬೇರೆ ಆಟಗಾರರು ಗೆದ್ದರು. ನಾನು ಹೇಳಿದ ಖಾಲಿ ಜಾಗ ಅದೇ. ನಡುವಿನೋನು ವಿಂಬಲ್ಡನ್ ಫೈನಲ್ ತಲುಪಿ ಸೋತ. ಎರಡು ಮಾಸ್ಟರ್ಸ್ ಗೆದ್ದ. ಯುಎಸ್ ಓಪನ್‌ನಲ್ಲಿ ಮತ್ತೆ ಫೈನಲ್‌ಗೆ ಬಂದ. ಆ ಕಡೆಯಿಂದ ಬಂದವನು ಚಿಕ್ಕೋನು. 19 ವರ್ಷ.

ಅವತ್ತು ರಾತ್ರಿ ಅಳಿಯ ಪೇಟೆಯಿಂದ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದ. ಇಬ್ಬರೂ ನಮ್ಮವರೇ. ತಂತ್ರ ಹೂಡುವುದು ಯಾರ ಪರ? ಕೊನೆಗೆ ಹೀಗೆ ಮಾಡಿಕೊಂಡೆವು. ಚಿಕ್ಕೋನ ತಂತ್ರ ಅವನು ಹಾಕಬೇಕು, ನಡುವಿನೋನದು ನಾನು. ಒಬ್ಬರು ಹಾಕುವಾಗ ಇನ್ನೊಬ್ಬರು ಪರದೆ ನೋಡಬಾರದು. ನಾನು ಎರಡನೇ ಸರ್ವ್ ಮೇಲೆ ಮುನ್ನುಗ್ಗಲು ಹೇಳಿದೆ. ರ‍್ಯಾಲಿ ಉದ್ದವಾದಷ್ಟೂ ಹುಡುಗನಿಗೆ ಲಾಭ ಅಂತ ಅಭ್ಯಾಸದ ವರದಿಯಿಂದ ಗೊತ್ತಿತ್ತು. ಎರಡು ಸೆಟ್ ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ಅಳಿಯ ಸರ್ವ್ ರಿಟರ್ನ್ ಮಾಡುವ ಜಾಗವನ್ನು ಬೇಸ್‌ಲೈನ್‌ನಿಂದ ತುಂಬಾ ಹಿಂದಕ್ಕೆ ಸರಿಸಿದ. ಚೆಂಡು ವಾಪಸ್ ಬರತೊಡಗಿತು. ರ‍್ಯಾಲಿ ಉದ್ದವಾಯಿತು. ಐದನೇ ಸೆಟ್ 6-4. ಚಿಕ್ಕೋನು ಗೆದ್ದ. ಭಾರತದ ಹುಡುಗ ಯುಎಸ್ ಓಪನ್ ಗೆದ್ದ!

ಅಳಿಯ ಎದ್ದು ಕುಣಿಯುತ್ತಾನೆ ಅಂದುಕೊಂಡೆ. ಅವನು ನನ್ನ ಮುಖ ನೋಡಿ ಸುಮ್ಮನಾದ. ಆಮೇಲೆ ಹಾಳೆ ತೆರೆದು ಏನೋ ಕೂಡಿಸಿ ಕಳೆದು, "ಮಾಮ, ಇಲ್ಲಿ ನೋಡಿ" ಅಂದ. ಎರಡು ಫೈನಲ್‌ಗಳ 1300, 1300. ಮಾಸ್ಟರ್ಸ್‌ನ ಸಾವಿರ, ಸಾವಿರ. ಸೆಮಿಫೈನಲ್‌ಗಳು. ಹಿಂದಿನ ವರ್ಷದ ಕೊನೆಯಲ್ಲಿ ಗಾಯದಿಂದ ಆಡದೆ ಇದ್ದುದರಿಂದ ನಡುವಿನೋನು ಕಳೆದುಕೊಳ್ಳುವ ಪಾಯಿಂಟ್ ಏನೂ ಇರಲಿಲ್ಲ. ಬೇರೆಯವರೆಲ್ಲರಿಗೂ ಇತ್ತು. "ಶಾಂಘೈ ಗೆದ್ರೆ ಇವನೇ ನಂಬರ್ ಒನ್." ಕಾಂಟ್ರಾಕ್ಟ್ ಬಿಟ್ಟುಬಿಡಿ ಅಂದಿದ್ದ ಹುಡುಗ ಇವನೇ.

ಶಾಂಘೈ ಮಾಸ್ಟರ್ಸ್‌ಗೆ ಚಿಕ್ಕೋನನ್ನು ಕಳಿಸಲಿಲ್ಲ. ಅವನ ಮೈ ನಿಜಕ್ಕೂ ದಣಿದಿತ್ತು, ವಿಶ್ರಾಂತಿ ಬೇಕಿತ್ತು. ನಡುವಿನೋನು ಒಬ್ಬನೇ ಹೋದ. ಸೆಮಿಫೈನಲ್‌ನಲ್ಲಿ ಸೋಲಿಗೆ ಒಂದೇ ಪಾಯಿಂಟ್ ಬಾಕಿ ಇದ್ದಾಗ ಎರಡು ಸಲ ಪಾರಾದ. ಫೈನಲ್ ನೇರ ಸೆಟ್‌ಗಳಲ್ಲಿ ಗೆದ್ದ. ಸೋಮವಾರ ಪಟ್ಟಿ ಬಂತು. ಒಂದು ಅನ್ನುವ ಅಂಕಿಯ ಪಕ್ಕ ಅವನ ಹೆಸರು. ನಾನು ಅಪ್ಪನನ್ನು ಎಬ್ಬಿಸಿ ತೋರಿಸಿದೆ. "ಇವನೇನಾ ನೀವು ದಿನಾ ಜಗಳ ಆಡೋದು?" ಅಂತ ಕೇಳಿ ಮತ್ತೆ ಮಲಗಿದರು.

ಗ್ರ್ಯಾಂಡ್ ಸ್ಲಾಂ ಗೆಲ್ಲದ ನಂಬರ್ ಒನ್ ಎಂಥ ನಂಬರ್ ಒನ್ ಅಂತ ಕೆಲವರು ಕೇಳುತ್ತಾರೆ. ಅಳಿಯನೂ ಕೇಳಿದ. ನಿಜದ ಟೆನಿಸ್‌ನಲ್ಲಿ ಅಂಥವರು ಪುರುಷರ ಸಿಂಗಲ್ಸ್‌ನಲ್ಲಿ ಒಬ್ಬರಿದ್ದಾರೆ. ಚಿಲಿಯ ಮಾರ್ಸೆಲೊ ರಿಯೋಸ್. 1998ರಲ್ಲಿ ಎಲ್ಲಾ ಸೇರಿ ಆರು ವಾರ ನಂಬರ್ ಒನ್ ಆಗಿದ್ದರು. ಗ್ರ್ಯಾಂಡ್ ಸ್ಲಾಂ ಒಂದೂ ಗೆಲ್ಲಲಿಲ್ಲ. ಅದಕ್ಕೇ ಅವರ ಹೆಸರು ಬಂದಾಗ ಜನ ಒಂದು "ಆದರೆ" ಸೇರಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಗ್ರ್ಯಾಂಡ್ ಸ್ಲಾಂ ಗೆಲ್ಲಲು ಏಳು ಪಂದ್ಯ ಸಾಕು. ನಂಬರ್ ಒನ್ ಆಗಲು 52 ವಾರ ಬೇಕು. ಗಾಳಿಯಲ್ಲಿ, ಮಣ್ಣಿನಲ್ಲಿ, ಹುಲ್ಲಿನಲ್ಲಿ, ಜ್ವರ ಬಂದಾಗ, ಮೂರನೇ ಸುತ್ತಿನ ಖಾಲಿ ಅಂಕಣದಲ್ಲಿ ಗೆದ್ದು ತೋರಿಸಬೇಕು. 2022ರ ಫೆಬ್ರುವರಿ ಕೊನೆಗೆ ಮೆಡ್ವೆಡೆವ್ ನಂಬರ್ ಒನ್ ಆದಾಗ, ಫೆಡರರ್, ನಡಾಲ್, ಜೊಕೊವಿಚ್, ಮರ್ರೆ ಈ ನಾಲ್ವರನ್ನು ಬಿಟ್ಟು ಬೇರೆಯವರು ಆ ಜಾಗದಲ್ಲಿ ಕೂತು 18 ವರ್ಷ ಆಗಿತ್ತು. ಅವರು ಅಲ್ಲಿ ತುಂಬಾ ದಿನ ಉಳಿಯಲಿಲ್ಲ. ಹಾಗಂತ ಅದು ಸಣ್ಣದಾ? ನನಗೆ ಖಂಡಿತ ಹಾಗನ್ನಿಸುವುದಿಲ್ಲ.

ನಡುವಿನೋನು ಮೆಲ್ಬರ್ನ್‌ವರೆಗೆ ಆ ಜಾಗದಲ್ಲಿದ್ದ. ಅಲ್ಲಿ ಚಿಕ್ಕೋನು ಗೆದ್ದ, ಮೇಲೆ ಹೋದ. ಇನ್ನು ಅವನು ಸದ್ಯಕ್ಕೆ ಇಳಿಯುವುದಿಲ್ಲ. ದೊಡ್ಡೋನು ಇನ್ನೂ ಸ್ವಲ್ಪ ಕಾಲ ಡಬಲ್ಸ್ ಆಡಿದ. ಡಬಲ್ಸ್‌ನಲ್ಲಿ ಅರ್ಧ ಅಂಕಣ ಕಾದರೆ ಸಾಕು, ಕಾಲಿಗಿಂತ ಕೈ, ತಲೆ ಮುಖ್ಯ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್ ನಂಬರ್ ಒನ್ ಕೂಡ ಆದರಲ್ಲ. ಆದರೆ ದೊಡ್ಡೋನಿಗೆ ಭುಜ ಕೈಕೊಟ್ಟಿತು. 34ಕ್ಕೆ ನಿವೃತ್ತಿ. ಆಟದಲ್ಲಿ ನಿವೃತ್ತರಾದವರನ್ನು ಕೋಚ್ ಮಾಡಿಕೊಳ್ಳಬಹುದು. ಅವನನ್ನು ಬಿಟ್ಟುಕೊಡುವ ಮಾತೇ ಇರಲಿಲ್ಲ. ಈಗ ನಮ್ಮ ಜೂನಿಯರ್‌ಗಳಿಗೆ ಅವನೇ ಕೋಚ್.

ನಡುವಿನೋನು ಈಗ ಎಂಟನೇ ಸ್ಥಾನದಲ್ಲಿದ್ದಾನೆ. ಕಾಂಟ್ರಾಕ್ಟ್ ಮುಂದುವರಿಸಿದ್ದೇನೆ. ಈ ಸಲ ಅಳಿಯ ತಕರಾರು ತೆಗೆಯಲಿಲ್ಲ.

ತಕರಾರು ಬಂದದ್ದು ಬೇರೆ ಹುಡುಗನ ವಿಷಯಕ್ಕೆ. ಹೊಸ ಸೀಸನ್‌ನ ಜೂನಿಯರ್ ಪಟ್ಟಿಯಲ್ಲಿ 15 ವರ್ಷದ ಐದು ಜನ ಒಟ್ಟಿಗೆ ಬಂದಿದ್ದಾರೆ. ಐವರೂ ಭಾರೀ ಪ್ರತಿಭೆ. ನಾಲ್ಕೈದು ವರ್ಷದಲ್ಲಿ ಮೇಲೆಲ್ಲಾ ಅವರೇ ತುಂಬಿಕೊಳ್ಳುತ್ತಾರೆ. ಅವರಿಗೂ ಚಿಕ್ಕೋನಿಗೂ ನಡುವೆ ಒಬ್ಬ ಪೋರ್ಚುಗಲ್ ಹುಡುಗ ಇದ್ದಾನೆ, 18 ವರ್ಷ. ಚೆಂದದ ಒಂಟಿಗೈ ಬ್ಯಾಕ್‌ಹ್ಯಾಂಡ್. ಮೇಲೆ ಚಿಕ್ಕೋನ ಗುಂಪು, ಕೆಳಗೆ ಈ ಐವರು. "ಮಾಮ, ಇವನು ಇನ್ನೊಬ್ಬ ನಡುವಿನೋನು ಆಗ್ತಾನೆ. ಐವರಲ್ಲಿ ಒಬ್ಬನ್ನ ತಗೊಳ್ಳಿ" ಅಂದ ಅಳಿಯ. ಅವನ ಲೆಕ್ಕ ಈ ಸಲವೂ ಸರಿ ಇದೆ. ನಾನು ಪೋರ್ಚುಗಲ್ ಹುಡುಗನನ್ನೇ ತಗೊಂಡೆ. ಈ ಸಲ ಅವನ ಟೈಮ್ ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿದೆ. 22 ತುಂಬುವುದರೊಳಗೆ ಅವನಿಗೆ ದೊಡ್ಡ ಪಂದ್ಯಗಳ ರುಚಿ ಹತ್ತಬೇಕು. ಮನಸ್ಸಿನ ಗಟ್ಟಿತನದ ಕೋಚ್‌ಗೆ ಈಗಲೇ ಹಣ ಹಾಕಿದ್ದೇನೆ. ಅಭ್ಯಾಸಕ್ಕೆ ಜೋಡಿಯಾಗಿ ನಡುವಿನೋನನ್ನೇ ಇಟ್ಟಿದ್ದೇನೆ. ಜನವರಿಯಲ್ಲಿ ಸಣ್ಣ ಟೂರ್ನಿ ಬಿಟ್ಟು ನೇರ ಚಾಲೆಂಜರ್‌ನ ಅರ್ಹತಾ ಸುತ್ತಿಗೆ ಕಳಿಸುತ್ತಿದ್ದೇನೆ.